ದೇವಿನುವರದ ದೇವರು ಯಾರ ದೇವರು?

ಪ್ರಶ್ನೆ: ಶ್ರೀಲಂಕಾ ಪ್ರವಾಸದಲ್ಲಿ ಮಾತರ ಹತ್ತಿರದ ದೇವಿನುವರಕ್ಕೆ ಹೋಗಿದ್ದೆವು. ಒಂದೇ ಆವರಣದಲ್ಲಿ ಬೌದ್ಧ ವಿಹಾರವೂ ಇದೆ, ವಿಷ್ಣು ಗುಡಿಯೂ ಇದೆ. ಪೂಜೆ ಮಾಡುವವರು, ಕೈಮುಗಿಯುವವರು ಹೆಚ್ಚಿನವರೆಲ್ಲ ಬೌದ್ಧರೇ. ಇದು ಮೊದಲು ಹಿಂದೂ ದೇವಸ್ಥಾನವಾಗಿದ್ದು, ಆಮೇಲೆ ಬೌದ್ಧರ ಕೈಗೆ ಹೋಯಿತಾ?

ಉತ್ತರ: ಹಾಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು ಅನ್ನುವ ಲೆಕ್ಕ ಇಲ್ಲಿ ಹೊಂದುವುದಿಲ್ಲ. ದೇವಿನುವರ ಒಂದು ಕಾಲದಲ್ಲಿ ದೊಡ್ಡ ಬಂದರು. ಹಡಗು ಹತ್ತಿ ಬಂದವರೆಲ್ಲ ಅಲ್ಲಿನ ದೇವರಿಗೆ ಕಾಣಿಕೆ ಕೊಟ್ಟರು, ತಮಗೆ ಗೊತ್ತಿದ್ದ ಹೆಸರಿನಿಂದ ಕರೆದರು. ಊರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಧರ್ಮಕ್ಕಿಂತ ಮೊದಲು ಸಮುದ್ರವನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಿಂಹಳೀಯರ ಹಳೆಯ ನೆನಪಿನಲ್ಲಿ ಇಲ್ಲಿನ ದೇವರು ಉಪುಲ್ವನ್. ನೀಲಿ ನೈದಿಲೆಯ ಬಣ್ಣದವನು. ಲಂಕೆಯ ಹಳೆಯ ಪಾಳಿ ಇತಿಹಾಸ ಗ್ರಂಥ ಮಹಾವಂಶದ ಕಥೆ ಹೀಗಿದೆ: ಲಂಕೆಯನ್ನು ಕಾಯಬೇಕೆಂದು ಬುದ್ಧ ಸಕ್ಕನಿಗೆ, ಅಂದರೆ ಇಂದ್ರನಿಗೆ ಹೇಳಿದ. ಸಕ್ಕ ಆ ಕೆಲಸವನ್ನು ಈ ದೇವರಿಗೆ ವಹಿಸಿದ. ಸಿಂಹಳೀಯರ ಮೊದಲ ಅರಸ ಎನ್ನಲಾಗುವ ವಿಜಯನೂ ಅವನ ಜೊತೆಯವರೂ ದಡ ಸೇರಿದಾಗ ಈ ದೇವರು ಅವರ ಮೇಲೆ ನೀರು ಚಿಮುಕಿಸಿ, ಕೈಗೆ ದಾರ ಕಟ್ಟಿದ. ಮುಂದಿನ ಶತಮಾನಗಳಲ್ಲಿ ಉಪುಲ್ವನ್ ಮತ್ತು ವಿಷ್ಣು ಒಂದೇ ಎಂದು ಜನ ನಂಬಿದರು. ಇಬ್ಬರದ್ದೂ ನೀಲಿ ಬಣ್ಣ, ಇಬ್ಬರದ್ದೂ ಕಾಯುವ ಕೆಲಸ, ಅಲ್ವಾ? ಆದರೆ ಪುರಾತತ್ವ ವಿದ್ವಾಂಸ ಸೆನರತ್ ಪರಣವಿತಾನ ಅವರು ಉಪುಲ್ವನ್ ಮೂಲದಲ್ಲಿ ವರುಣ ಎಂದು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಕಡಲ ದಂಡೆಯಲ್ಲಿ ವರುಣ ಅಂದರೆ ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ.

ಬೌದ್ಧರು ವಿಷ್ಣುವಿಗೆ ಕೈಮುಗಿಯುವುದು ನಮಗೆ ವಿಚಿತ್ರ ಅನ್ನಿಸಬಹುದು. ಅವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಬುದ್ಧ ದಾರಿ ತೋರಿಸಿದ ಗುರು. ಅವನ ಹತ್ತಿರ ಮಗಳ ಮದುವೆ, ಮಗನ ಕೆಲಸ, ಕಾಯಿಲೆಯ ವಿಷಯ ಕೇಳುವಂತಿಲ್ಲ. ಅದಕ್ಕೆ ದೇವರುಗಳಿದ್ದಾರೆ. ಅವರೂ ಬುದ್ಧನಿಗಿಂತ ಕೆಳಗಿನವರು, ಬುದ್ಧನ ಶಾಸನವನ್ನು, ಅಂದರೆ ಅವನ ಧರ್ಮವನ್ನು ಕಾಯುವವರು. ಹಾಗಾಗಿ ಮೊದಲು ವಿಹಾರದಲ್ಲಿ ಹೂವಿಟ್ಟು, ಆಮೇಲೆ ಹಣ್ಣಿನ ತಟ್ಟೆ ಹಿಡಿದು ದೇವಾಲೆಗೆ, ಅಂದರೆ ದೇವರ ಗುಡಿಗೆ ಹೋಗುತ್ತಾರೆ. ಅಲ್ಲಿ ಅವರ ಪರವಾಗಿ ದೇವರಿಗೆ ಬಿನ್ನಹ ಮಾಡುವವರು ಕಪುರಾಳ. ಅವರು ಬ್ರಾಹ್ಮಣರಲ್ಲ, ಭಿಕ್ಷುಗಳೂ ಅಲ್ಲ.

ಇನ್ನು ಬಂದರಿನ ಕಥೆ. 13ನೇ ಶತಮಾನದಲ್ಲಿ ಲಂಕೆಯ ರಾಜ ಎರಡನೇ ಪರಾಕ್ರಮಬಾಹು ಇಲ್ಲಿ ವಿದೇಶಿ ವ್ಯಾಪಾರಿಗಳ ಬಗ್ಗೆ ಕಟ್ಟಳೆ ಹಾಕಿಸಿದ ಶಾಸನ ಸಿಕ್ಕಿದೆ. 1344ರಲ್ಲಿ ಇಬ್ನ್ ಬತೂತ ಬಂದ. ನಮ್ಮ ಹೊನ್ನಾವರ, ಮಂಗಳೂರುಗಳ ಬಗ್ಗೆ ಬರೆದ ಅದೇ ಪ್ರವಾಸಿ. ಅವನ ಪ್ರಕಾರ ಇದು ವ್ಯಾಪಾರಿಗಳ ಊರು. ದೊಡ್ಡ ಗುಡಿಯಲ್ಲಿ ಮನುಷ್ಯನಷ್ಟು ಎತ್ತರದ ಚಿನ್ನದ ಮೂರ್ತಿ, ಕಣ್ಣಿಗೆ ಎರಡು ಕೆಂಪು ಮಾಣಿಕ್ಯ. ಸುಮಾರು ಸಾವಿರ ಬ್ರಾಹ್ಮಣರು ಮತ್ತು ಜೋಗಿಗಳು, ರಾತ್ರಿ ಹಾಡಿ ಕುಣಿಯುವ ಸುಮಾರು 500 ಹೆಣ್ಣುಮಕ್ಕಳು. ಊರಿನ ಆದಾಯವೆಲ್ಲ ದೇವರದ್ದು. ಸಂಖ್ಯೆಗಳನ್ನು ಸ್ವಲ್ಪ ಉಬ್ಬಿಸಿರಬಹುದು. ಆದರೆ ರಾಜ್ಯ ಬೌದ್ಧ ರಾಜನದ್ದು, ಗುಡಿಯಲ್ಲಿ ಬ್ರಾಹ್ಮಣರು ಅನ್ನುವುದನ್ನು ಗಮನಿಸಿ.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಚೆನ್ನಾಗಿ ಉತ್ತರ ಕೊಡುವುದು ಒಂದು ಕಲ್ಲು. ಚೀನಾದ ನೌಕಾಪತಿ ಜೆಂಗ್ ಹೆ ಇದನ್ನು ಹಡಗಿನಲ್ಲಿ ತಂದ. ಅದರಲ್ಲಿರುವುದು 1409ರ ತಾರೀಖು, ಮೂರು ಭಾಷೆಗಳ ಬರಹ. ಚೀನೀ ಬರಹ ಬುದ್ಧನಿಗೆ ಕಾಣಿಕೆ ಅನ್ನುತ್ತದೆ. ತಮಿಳು ಬರಹ ತೇನವರೈ ನಾಯನಾರ್‌ಗೆ ಅನ್ನುತ್ತದೆ, ಅಂದರೆ ದೇವಿನುವರದ ದೇವರಿಗೆ. ಸವೆದುಹೋದ ಪಾರಸಿ ಬರಹ ಅಲ್ಲಾಹನಿಗೆ ಸಂಬಂಧಿಸಿದ್ದು. ತಮಾಷೆ ಎಂದರೆ ಚಿನ್ನ, ಬೆಳ್ಳಿ, ರೇಷ್ಮೆ, ಎಣ್ಣೆಯ ಪಟ್ಟಿ ಮೂರರಲ್ಲೂ ಹೆಚ್ಚು ಕಡಿಮೆ ಒಂದೇ. ಯಾರ ಮನಸ್ಸನ್ನೂ ನೋಯಿಸದೆ ವ್ಯಾಪಾರ ಮಾಡುವ ಜಾಣತನ ಇದು. ಭಕ್ತಿ ಎಷ್ಟಿತ್ತೋ, ಲೆಕ್ಕಾಚಾರವೂ ಅಷ್ಟೇ ಇತ್ತು. ಅದೇ ಜೆಂಗ್ ಹೆ ಅದೇ ಯಾನದಲ್ಲಿ ಲಂಕೆಯ ಅರಸನನ್ನು ಸೆರೆ ಹಿಡಿದು ಚೀನಾಕ್ಕೆ ಒಯ್ದ! ಈ ಕಲ್ಲು 1911ರಲ್ಲಿ ಗಾಲೆಯಲ್ಲಿ ಮೋರಿಯ ಹಾಸುಗಲ್ಲಾಗಿ ಬಿದ್ದಿತ್ತು. ಈಗ ಕೊಲಂಬೊ ಮ್ಯೂಸಿಯಂನಲ್ಲಿದೆ.

ಈ ವೈಭವ ಮುಗಿದದ್ದು 1588ರಲ್ಲಿ. ಸೀತಾವಕ ರಾಜ್ಯದ ಅರಸ ರಾಜಸಿಂಹ ಪೋರ್ಚುಗೀಸರ ಕೊಲಂಬೊ ಕೋಟೆಗೆ ಮುತ್ತಿಗೆ ಹಾಕಿದ್ದ. ಅವನ ಗಮನ ಬೇರೆ ಕಡೆ ಎಳೆಯಲು ಪೋರ್ಚುಗೀಸರು ತೊಮೆ ದ ಸೋಜನನ್ನು ದಕ್ಷಿಣ ಕರಾವಳಿಗೆ ಕಳಿಸಿದರು. ಚಿನ್ನದ ಲೇಪದ ತಾಮ್ರದ ಮಾಡು, ಏಳು ಅಂತಸ್ತಿನ ರಥ, ಸಾಲು ಸಾಲು ಮೂರ್ತಿಗಳು, ಎಲ್ಲವನ್ನೂ ಒಡೆದು ಸುಟ್ಟರು. ಒಳಗೆ ಹಸುಗಳನ್ನು ಕೊಂದರು. ಇದನ್ನೆಲ್ಲ ಬರೆದಿಟ್ಟವನು ಪೋರ್ಚುಗೀಸ್ ಇತಿಹಾಸಕಾರ ದಿಯೋಗೊ ದೊ ಕೌತೊ. ಲೂಟಿಯಲ್ಲಿ ಆನೆ ದಂತ, ಮೆಣಸು, ಗಂಧ ಸಿಕ್ಕಿತಂತೆ. ಗುಡಿಯೋ, ಬಂದರಿನ ಉಗ್ರಾಣವೋ ಅನ್ನಿಸುತ್ತದೆ. ಆಮೇಲೆ ಆ ಜಾಗದಲ್ಲಿ ಚರ್ಚ್ ಕಟ್ಟಿದರು. ಉಪುಲ್ವನ್ ಮೂರ್ತಿಯನ್ನು ಮೊದಲೇ ಅಲುತ್‌ನುವರಕ್ಕೆ, ಅಲ್ಲಿಂದ ಕ್ಯಾಂಡಿಗೆ ಸಾಗಿಸಿದ್ದರು ಅನ್ನುವ ಪ್ರತೀತಿ ಇದೆ. ನೀವು ನೋಡಿದ ನೀಲಿ ಬಣ್ಣದ ಗುಡಿ ಈ ನಾಶದ ನಂತರದ್ದು.

ಇನ್ನೊಂದು ವಾದವೂ ನಿಮ್ಮ ಕಿವಿಗೆ ಬೀಳಬಹುದು. ಲಂಕೆಯ ತಮಿಳು ಹಿಂದೂಗಳು ಇದನ್ನು ಪಂಚ ಈಶ್ವರ ಕ್ಷೇತ್ರಗಳಲ್ಲಿ ಒಂದಾದ ತೊಂಡೀಶ್ವರಂ ಎಂದು, ಶಿವನ ನೆಲೆ ಎಂದು ಹೇಳುತ್ತಾರೆ. ಅಷ್ಟು ದೊಡ್ಡ ಆವರಣದಲ್ಲಿ ಒಂದಕ್ಕಿಂತ ಜಾಸ್ತಿ ಗುಡಿಗಳಿದ್ದವು. ಹಾಗಾಗಿ ಶಿವನ ಗುಡಿ ಇತ್ತು ಅನ್ನುವುದನ್ನು ಒಪ್ಪಲು ನನಗೆ ಕಷ್ಟವಿಲ್ಲ. ಇಡೀ ಊರು ಶಿವನದ್ದು ಮಾತ್ರ, ಅಥವಾ ಉಪುಲ್ವನ್‌ನದ್ದು ಮಾತ್ರ ಅನ್ನುವವರ ಜೊತೆ ನನಗೆ ತಕರಾರಿದೆ.

ಮತ್ತೆ ಹೋದರೆ ಕಡಲ ದಂಡೆಯ ಲೈಟ್‌ಹೌಸ್ ಮಾತ್ರ ನೋಡಿ ವಾಪಸ್ ಬರಬೇಡಿ. ಗಲ್‌ಗೆ ಎಂಬ ಚಿಕ್ಕ ಕಲ್ಲಿನ ಗುಡಿ ಊರಿನಲ್ಲೇ ಇದೆ. ಉಪುಲ್ವನ್‌ನ ಮೂಲ ನೆಲೆ ಇದೇ ಎಂದು ಹಲವರು ನಂಬುತ್ತಾರೆ. ಜುಲೈ-ಆಗಸ್ಟ್‌ನ ಎಸಳ ಪೆರಹೆರ ಮೆರವಣಿಗೆಯ ಸಮಯವಾದರೆ ಇನ್ನೂ ಒಳ್ಳೆಯದು. ಆದರೆ ಆಗ ಮಾತರದಲ್ಲಿ ರೂಮ್ ಮೊದಲೇ ಬುಕ್ ಮಾಡಿಕೊಳ್ಳಿ.