ಸಂಶೋಧಕರ ವರದಿ ಸರ್ಕಾರದ ನೀತಿಯಾಗುವುದು ಯಾವಾಗ?

ಪ್ರಶ್ನೆ: ಸಂಶೋಧನಾ ಸಂಸ್ಥೆಗಳು ವರ್ಷಗಟ್ಟಲೆ ಅಧ್ಯಯನ ನಡೆಸಿ ವರದಿ ಕೊಡುತ್ತವೆ. ನಮ್ಮಂಥ ದೇಶಗಳಲ್ಲಿ ಅಭಿವೃದ್ಧಿ ನೀತಿ ಅವುಗಳಿಂದ ನಿಜಕ್ಕೂ ಬದಲಾಗುತ್ತದೆಯೇ, ಅಥವಾ ಎಲ್ಲವೂ ಕಪಾಟು ಸೇರುತ್ತವೆಯೇ?

ಉತ್ತರ: ಬದಲಾಗುತ್ತದೆ. ಆದರೆ ವರದಿ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ, ಅದನ್ನು ಕೈಗೆತ್ತಿಕೊಳ್ಳುವ ಇಲಾಖೆಯೊಂದು ಇದೆಯೇ ಎನ್ನುವುದೇ ಹೆಚ್ಚಿನ ಪಾಲು ನಿರ್ಧರಿಸುತ್ತದೆ ಎಂದು ನನಗನ್ನಿಸುತ್ತದೆ. ಇದಕ್ಕೆ ಉದಾಹರಣೆ ಹುಡುಕಲು ನಾವು ಶಿವಮೊಗ್ಗ ಜಿಲ್ಲೆ ದಾಟಬೇಕಾಗಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಜನರೂ ಜ್ವರದಿಂದ ಮಲಗಿದಾಗ, ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಆತಂಕ ಹುಟ್ಟಿತು. ಐದು ವರ್ಷ ಮೊದಲಷ್ಟೇ ಆರಂಭವಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಇದು ಉಣುಗುಗಳಿಂದ ಹರಡುವ ಬೇರೆಯೇ ವೈರಸ್ ಎಂದು ಕಂಡುಹಿಡಿದರು. ಆ ತಿಳಿವಳಿಕೆ ಆರೋಗ್ಯ ಇಲಾಖೆಯ ದಿನಚರಿಯೊಳಗೆ ಸಲೀಸಾಗಿ ಸೇರಿಕೊಂಡಿತು: ಸತ್ತ ಮಂಗ ಕಂಡರೆ ತಿಳಿಸುವುದು, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುವುದು, ಲಸಿಕೆ ಹಾಕುವುದು. ಮಂಗನ ಕಾಯಿಲೆ ಎಂದರೆ ಮಲೆನಾಡಿನ ಮಕ್ಕಳಿಗೂ ಗೊತ್ತು.

ಹೀಗೆ ಒಮ್ಮೆ ದಿನಚರಿಯಾದದ್ದನ್ನು ತಿದ್ದುವುದು ಮಾತ್ರ ಅಷ್ಟು ಸುಲಭವಲ್ಲ. ಎರಡು ಡೋಸ್ ಲಸಿಕೆಯ ರಕ್ಷಣೆ ಸುಮಾರು ಶೇ. 62ರಷ್ಟೇ ಎಂದು ತೋರಿಸಿದ, 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನ 2013ರಲ್ಲೇ ಪ್ರಕಟವಾಗಿದ್ದರೂ, ಆ ಲಸಿಕೆಯ ಬಳಕೆ ನಿಂತದ್ದು 2022ರಲ್ಲಿ. ಬದಲಿ ಲಸಿಕೆ ಸಿದ್ಧವಿಲ್ಲದಿರುವಾಗ ಇದ್ದದ್ದನ್ನೂ ಬಿಡಲು ಯಾವ ಅಧಿಕಾರಿಗೂ ಧೈರ್ಯ ಬಾರದು ಎಂಬುದನ್ನೂ ಇಲ್ಲಿ ನೆನೆಯಬೇಕು.

ಅಂಕಿ ಅಂಶಗಳ ವರದಿಗಳ ಹಾದಿ ಇನ್ನೂ ಸುಗಮ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಸೂಚ್ಯಂಕವೊಂದರಿಂದ ಅಳೆದು, 114 ಹಿಂದುಳಿದಿವೆ ಎಂದಿತು. ತಾಲ್ಲೂಕಿನ ಹೆಸರಿನ ಮುಂದೆ ಒಂದು ಸಂಖ್ಯೆ ಇದ್ದರೆ ಬಜೆಟ್ಟಿನಲ್ಲಿ ಹಣ ಹಂಚುವುದು ಸುಲಭ. ವಿಶೇಷ ಅಭಿವೃದ್ಧಿ ಯೋಜನೆ ಆ ಪಟ್ಟಿಯ ಮೇಲೆಯೇ ನಿಂತಿತು.

ಪಶ್ಚಿಮ ಘಟ್ಟದ ವರದಿಗಳಿಗೆ ಅಂಥ ಆಸರೆ ಸಿಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲಿ ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶ, ಅಂದರೆ ಕಾಮಗಾರಿಗಳಿಗೆ ನಿರ್ಬಂಧ ಬೇಕಾದ ಪ್ರದೇಶ ಎಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಿತು; 2013ರಲ್ಲಿ ಕಸ್ತೂರಿರಂಗನ್ ಸಮಿತಿ ಆ ಪ್ರದೇಶವನ್ನು ಘಟ್ಟದ ಸುಮಾರು ಶೇ. 37ಕ್ಕೆ ಇಳಿಸಿತು. ಹಾಗಿದ್ದರೂ 2024ರಲ್ಲಿ ರಾಜ್ಯ ಸಚಿವ ಸಂಪುಟ ಇದನ್ನೂ ತಿರಸ್ಕರಿಸಿತು. ವಲಯಗಳ ಗಡಿಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ಅಂತಿಮಗೊಳಿಸಬೇಕೆಂಬ ಗಾಡ್ಗೀಳ್ ಸಮಿತಿಯ ಮಾತಿಗಿಂತ, ಮನೆಯ ಹೆಂಚು ಬದಲಿಸಲೂ ಅನುಮತಿ ಬೇಕಾಗುತ್ತದಂತೆ ಎಂಬ ಸುದ್ದಿ ನಮ್ಮ ಅಡಿಕೆ ತೋಟಗಳಿಗೆ ಮೊದಲು ತಲುಪಿತ್ತು.