ಸಿಐಡಿಯ 111 ನಿಮಿಷದ ಎಪಿಸೋಡ್ ನಿಜಕ್ಕೂ ಒಂದೇ ಟೇಕಾ?

ಪ್ರಶ್ನೆ: ಹಿಂದಿ ಟಿವಿ ಧಾರಾವಾಹಿ ಸಿಐಡಿಯ ಒಂದು ಎಪಿಸೋಡನ್ನು ಎಲ್ಲೂ ಕಟ್ ಮಾಡದೆ ಶೂಟ್ ಮಾಡಿದ್ದರಂತೆ, ನಿಜವಾ? ಲೈವ್ ತೋರಿಸಿದ್ದಾ?

ಒಂದೇ ಟೇಕ್ ಅನ್ನೋದು ನಿಜ. ಲೈವ್ ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುವುದಿಲ್ಲ, ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಎಪಿಸೋಡ್ ಹೆಸರು 'ದಿ ಇನ್‌ಹೆರಿಟೆನ್ಸ್', ನಿರ್ದೇಶಕರು ಬಿ.ಪಿ. ಸಿಂಗ್. ಲೋನಾವಾಲದಲ್ಲಿ 2004ರ ಅಕ್ಟೋಬರ್ 8ರಂದು ಶೂಟ್ ಆಯಿತು, ಸೋನಿಯಲ್ಲಿ ಬಂದದ್ದು ನವೆಂಬರ್ 7ಕ್ಕೆ. ನಡುವೆ ಒಂದು ತಿಂಗಳಿದೆ. ಲೈವ್ ಹೇಗಾಗುತ್ತೆ ಹೇಳಿ?

ಇನ್ನೊಂದು ವಾದ ಇದಕ್ಕಿಂತ ಹಟಮಾರಿ: 'ಕ್ಯಾಮೆರಾದಲ್ಲಿ ರೀಲ್ ಹತ್ತು ನಿಮಿಷಕ್ಕೇ ಮುಗಿಯುತ್ತೆ, ಯಾರದೋ ಬೆನ್ನ ಹಿಂದೆ ಕಟ್ ಅಡಗಿಸಿದ್ದಾರೆ.' ಇದು 1948ರಲ್ಲಿ ಹಿಚ್‌ಕಾಕ್ ಮಾಡಿದ 'ರೋಪ್' ಸಿನಿಮಾದ ಕಥೆ. ಆಗ ಫಿಲ್ಮ್ ನಿಜವಾಗಲೂ ಅಷ್ಟೇ ಹೊತ್ತು ಓಡುತ್ತಿತ್ತು, ಅದಕ್ಕೇ ಕ್ಯಾಮೆರಾವನ್ನು ಒಬ್ಬನ ಕೋಟಿನ ಹತ್ತಿರ ಒಯ್ದು, ಪರದೆ ಕಪ್ಪಾದಾಗ ರೀಲ್ ಬದಲಿಸಿ, ಅಲ್ಲಿಂದಲೇ ಮುಂದುವರಿಸುತ್ತಿದ್ದರು. 2004ಕ್ಕೆ ಆ ಕಟ್ಟುಪಾಡು ಎಲ್ಲಿತ್ತು? 2002ರಲ್ಲಿ ಬಂದ 'ರಷ್ಯನ್ ಆರ್ಕ್' ಅನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಅರಮನೆಯೊಳಗೆ, ಹಾರ್ಡ್ ಡಿಸ್ಕ್‌ಗೆ ರೆಕಾರ್ಡ್ ಮಾಡುತ್ತಾ, ಸುಮಾರು ಒಂದೂವರೆ ಗಂಟೆ ಒಂದೇ ಉಸಿರಿಗೆ ತೆಗೆದಿದ್ದರು. ಸಿಐಡಿಯ ಶಾಟ್ ಗಿನ್ನೆಸ್ ಮತ್ತು ಲಿಮ್ಕಾ ಎರಡೂ ದಾಖಲೆ ಪುಸ್ತಕ ಸೇರಿದ್ದು ಸುಮ್ನೆ ಅಲ್ಲ.

ಕಟ್ ಇಲ್ಲ ಅಂದರೆ ಏನು ಕಷ್ಟ ಅಂತ ಯೋಚಿಸಿ. ನೂರನೇ ನಿಮಿಷದಲ್ಲಿ ಒಬ್ಬರು ಡೈಲಾಗ್ ಮರೆತರೂ ಮತ್ತೆ ಮೊದಲಿಂದ. ಕ್ಯಾಮೆರಾ ಎಲ್ಲ ಕಡೆ ತಿರುಗುವುದರಿಂದ ಲೈಟು, ಮೈಕು, ಅದನ್ನು ಹಿಡಿದವರು ಎಲ್ಲರೂ ಕಣ್ಣಿಗೆ ಬೀಳದಂತೆ ಜಾಗ ಬದಲಿಸುತ್ತಿರಬೇಕು. ವಾರವಾರ ಕೊಲೆ ಕೇಸು ಬಿಡಿಸುವ ಒಂದು ಧಾರಾವಾಹಿ ತಂಡ ಇದನ್ನು ಮಾಡಿ ತೋರಿಸಿತು. ಅದಕ್ಕೇ 'ಮೋಸ' ಅಂದಾಗ ನನಗೆ ಸಿಟ್ಟು ಬರುತ್ತದೆ.

ದಯಾ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು. ಸಿಐಡಿಯಲ್ಲಿ ಬಾಗಿಲು ಒಡೆಯುವ ದಯಾ ಪಾತ್ರದ ನಟ ದಯಾನಂದ ಶೆಟ್ಟಿ ನಮ್ಮ ಉಡುಪಿ ಕಡೆಯ ಕಟಪಾಡಿಯವರು. ಮೊದಲು ಡಿಸ್ಕಸ್ ಎಸೆಯುತ್ತಿದ್ದರು, ಮಹಾರಾಷ್ಟ್ರದಲ್ಲಿ ಚಾಂಪಿಯನ್ ಕೂಡ ಆಗಿದ್ದರು. ಆಮೇಲೆ ಪೆಟ್ಟಾಗಿ ಆಟ ಬಿಟ್ಟು ನಟನೆಗೆ ಬಂದರು. ಪೆಟ್ಟಾಗಿದ್ದು ಕಾಲಿಗೆ.