ಆಸ್ಪತ್ರೆಯಲ್ಲಿ 160, ಮನೆಯಲ್ಲಿ 132: ಯಾವ ಬಿಪಿ ನಿಜ?

ಪ್ರಶ್ನೆ: ಅಪ್ಪನಿಗೆ ಬಿಪಿ ಇದೆ, ಮಾತ್ರೆ ತಗೊಳ್ತಾರೆ. ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿದಾಗ 160/94. ಮನೆಯ ಮೆಷಿನ್‌ನಲ್ಲಿ 132/82. ಮೆಷಿನ್ ಹಾಳಾಗಿದೆಯಾ? (ಬದಿಯಡ್ಕದ ಓದುಗರೊಬ್ಬರು)

ಹಾಳಾಗಿರಬೇಕೆಂದೇನಿಲ್ಲ, ಎರಡೂ ನಿಜವಿರಬಹುದು. ಬೆಳಗ್ಗೆ ಬೇಗ ಎದ್ದು, ಬಸ್ಸು ಹಿಡಿದು, ತಲಪಾಡಿ ದಾಟಿ, ಟೋಕನ್ ತಗೊಂಡು ಗಂಟೆಗಟ್ಟಲೆ ಕಾದು, ಡಾಕ್ಟರ ಮುಂದೆ ಕೂತ ಕೂಡಲೇ ಕೈ ಚಾಚಿದರೆ ಬಿಪಿ ಏರದೆ ಇರುತ್ತದಾ? ಇದಕ್ಕೆ ವೈಟ್ ಕೋಟ್ ಎಫೆಕ್ಟ್ ಅಂತಾರೆ. ಕೆಲವರಿಗೆ ಉಲ್ಟಾ: ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ನನ್ನ ಕೇಳಿದರೆ ಹೆಚ್ಚು ಹೆದರಬೇಕಾದ್ದು ಇದಕ್ಕೇ, ಮನೆಯಲ್ಲಿ ನೋಡದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಆದರೆ ಮನೆಯಲ್ಲೂ ಒಂದೇ ಸಲ ನೋಡಿದ್ದು ಸಾಲದು. ಏಳು ದಿನ ನೋಡಿ. ಬೆಳಗ್ಗೆ ಮಾತ್ರೆಗೂ ತಿಂಡಿಗೂ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಎಂದೇ ಲೆಕ್ಕ. ಶುಗರ್, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ಇನ್ನೂ ಕಡಿಮೆ ಇರಬೇಕು ಎನ್ನಬಹುದು.

ತಪ್ಪಾಗುವುದು ಹೆಚ್ಚಾಗಿ ಕೂರುವುದರಲ್ಲಿ. ತೋಟದಿಂದ ಬಂದವರೇ ಜಗಲಿಯಲ್ಲಿ ಚಕ್ಕಳಮಕ್ಕಳ ಕೂತು, ಕೈಯನ್ನು ತೊಡೆಯ ಮೇಲಿಟ್ಟು, ಪಕ್ಕದವರ ಜೊತೆ ಅಡಿಕೆ ರೇಟು ಮಾತಾಡುತ್ತಾ ನೋಡಿದರೆ ಬರುವ ನಂಬರ್ ಸುಮ್ನೆ ಜಾಸ್ತಿಯೇ. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ, ತೋಳಿಗೆ ಸುತ್ತುವ ಪಟ್ಟಿ ಎದೆಯ ಮಟ್ಟಕ್ಕೆ. ಐದು ನಿಮಿಷ ಮಾತಿಲ್ಲದೆ ಕೂರಲಿ. ಅರ್ಧ ಗಂಟೆ ಮೊದಲಿನಿಂದ ಚಾ, ಕಾಫಿ, ಬೀಡಿ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಬೇಡ (ಅಪ್ಪಂದಿರಿಗೆ ಕಷ್ಟ, ಗೊತ್ತು). ಮೂತ್ರಕ್ಕೆ ಹೋಗಿ ಬಂದೇ ಕೂರಲಿ. ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಬಿಪಿ ಜಾಸ್ತಿ ತೋರಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಮೆಷಿನ್‌ಗಿಂತ ತೋಳಿನದ್ದೇ ಒಳ್ಳೇದು.

ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಹೆಚ್ಚು ಬಂದದ್ದನ್ನು ಬಿಟ್ಟು ಚಂದದ್ದನ್ನಷ್ಟೇ ಬರೆಯುವವರಿದ್ದಾರೆ, ಹಾಗೆ ಮಾಡಬೇಡಿ. ಮುಂದಿನ ಸಲ ಹೋಗುವಾಗ ಮೆಷಿನ್ನನ್ನೂ ಚೀಲಕ್ಕೆ ಹಾಕಿ, ಅಲ್ಲಿನದ್ದರ ಜೊತೆ ತಾಳೆ ನೋಡಲಿ. ಊರಿನ ಕುಟುಂಬಾರೋಗ್ಯ ಕೇಂದ್ರದಲ್ಲಾದರೂ ಆದೀತು. 132 ಬಂತೆಂದು ಮಾತ್ರೆ ಮಾತ್ರ ಬಿಡಬೇಡಿ. ಆ 132 ಮಾತ್ರೆಯಿಂದಲೇ ಬಂದಿರಬಹುದು, ಅಲ್ವಾ?

180/120 ದಾಟಿದರೆ ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಎದೆನೋವು, ಉಸಿರುಕಟ್ಟುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಮತ್ತೆ ಅಳೆಯುತ್ತಾ ಕೂರದೆ ಕೂಡಲೇ 108ಕ್ಕೆ ಫೋನ್ ಮಾಡಿ.